ಲ್ಯಾಬ್ ಮರಿ ತರಬೇಕು, ಮಾರುವವರನ್ನು ನಂಬೋದು ಹೇಗೆ? ಅನುಭವ ಇದ್ದವರು ಹೇಳಿ

ಮೈಸೂರಿನಿಂದ, ಕೇಳಿದ್ದು:
ಮಗಳು ಎರಡು ವರ್ಷದಿಂದ ಲ್ಯಾಬ್ರಡಾರ್ ಬೇಕು ಅಂತ ಕೇಳುತ್ತಿದ್ದಾಳೆ. ಈಗ ಸ್ವಂತ ಮನೆಗೆ ಬಂದಿದ್ದೇವೆ, ಸುತ್ತ ಜಾಗವೂ ಇದೆ. ಇನ್‌ಸ್ಟಾಗ್ರಾಮ್‌ನಲ್ಲಿ ಒಬ್ಬರು ಮರಿಗಳ ವಿಡಿಯೊ ಹಾಕಿದ್ದಾರೆ. '45 ದಿನದ ಮರಿ, ಹೆವಿ ಬೋನ್, ಶೋ ಕ್ವಾಲಿಟಿ' ಅನ್ನುತ್ತಾರೆ. 5,000 ಅಡ್ವಾನ್ಸ್ ಹಾಕಿದರೆ ಭಾನುವಾರ ಹೆದ್ದಾರಿಯ ಟೋಲ್ ಹತ್ತಿರ ತಂದುಕೊಡುತ್ತಾರಂತೆ. ನಾವು ಯಾವತ್ತೂ ನಾಯಿ ಸಾಕಿದವರಲ್ಲ. ಇವರು ಒಳ್ಳೆಯ ಬ್ರೀಡರ್ರೋ, ಬರೀ ಮರಿ ಮಾರುವ ದಂಧೆಯವರೋ ತಿಳಿಯೋದು ಹೇಗೆ?

ತುಮಕೂರಿನಿಂದ:
ಮೊದಲು ಒಂದು ಮಾತು. ಅಡ್ವಾನ್ಸ್ ಹಾಕಬೇಡಿ. ಟೋಲ್ ಹತ್ತಿರ ತಂದುಕೊಡುವುದು ನಿಮ್ಮ ಅನುಕೂಲಕ್ಕಲ್ಲ. ಮರಿ ಹುಟ್ಟಿದ ಜಾಗ ನಿಮ್ಮ ಕಣ್ಣಿಗೆ ಬೀಳಬಾರದು, ಅದಕ್ಕೆ.

ನಾವು ಹಾಗೇ ತಂದು ಕೆಟ್ಟವರು. ಹೋಟೆಲ್ ಪಾರ್ಕಿಂಗ್‌ಗೆ ಬನ್ನಿ ಅಂದರು, ಹೋದೆವು. ಕಾರಿನ ಹಿಂದಿನ ಸೀಟಿನಿಂದ ಒಂದು ರಟ್ಟಿನ ಡಬ್ಬ ತೆಗೆದರು. ಒಳಗೆ ಮೂರು ಮರಿ, ಮೂರೂ ಬೇರೆ ಬೇರೆ ಜಾತಿಯವು. ಅಂದರೆ ಎಲ್ಲೆಲ್ಲಿಂದಲೋ ಒಟ್ಟು ಮಾಡಿ ತಂದವು, ಅಲ್ವಾ? ಅಲ್ಲಿಂದಲೇ ತಿರುಗಿ ಬರಬೇಕಿತ್ತು. ಆದರೆ ಅಷ್ಟರಲ್ಲಿ ಮಗ ಒಂದನ್ನು ಎತ್ತಿ ಎದೆಗೆ ಅವಚಿಕೊಂಡಿದ್ದ.

ನಾಲ್ಕನೇ ದಿನ ಬೆಳಗ್ಗೆ ಮರಿ ಅನ್ನ ಮೂಸಿ ನೋಡಲಿಲ್ಲ. ಸಂಜೆ ವಾಂತಿ. ರಾತ್ರಿ ರಕ್ತ ಬೆರೆತ ಭೇದಿ. ಆ ವಾಸನೆ ಈಗಲೂ ಮೂಗಿನಲ್ಲಿದೆ. ಡಾಕ್ಟರು ಪಾರ್ವೊ ಅಂದರು, ಮರಿಗಳ ಕರುಳಿಗೆ ತಗುಲುವ ವೈರಸ್ ರೋಗ. ಡ್ರಿಪ್ ಹಾಕಲು ಮುಂಗಾಲಿಗೆ ಪಟ್ಟಿ ಸುತ್ತಿದ್ದರು. ಕಾಲು ಎಷ್ಟು ಸಣ್ಣದಿತ್ತು ಅಂದರೆ ಪಟ್ಟಿಯೇ ಅದಕ್ಕಿಂತ ದಪ್ಪ. ಮೂರು ದಿನ ಒದ್ದಾಡಿ ಹೋಯಿತು.

ಪಾರ್ವೊ ತಗುಲಿದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ 3ರಿಂದ 7 ದಿನ ಬೇಕು. ಮರಿ ರೋಗವನ್ನು ಹೊತ್ತುಕೊಂಡೇ ಬಂದಿರಬೇಕು ಅಂದರು ಡಾಕ್ಟರು. ಆಮೇಲೆ ಲಸಿಕೆ ಕಾರ್ಡ್ ತಿರುಗಿಸಿ ನೋಡಿ, "ಸ್ಟಿಕ್ಕರ್ ಎಲ್ಲಿ?" ಅಂತ ಕೇಳಿದರು. ಲಸಿಕೆ ಹಾಕಿದವರು ಸೀಸೆಯ ಮೇಲಿನ ಲೇಬಲ್ ಕಿತ್ತು ಕಾರ್ಡಿಗೆ ಅಂಟಿಸುತ್ತಾರೆ. ಅದರಲ್ಲಿ ಬ್ಯಾಚ್ ನಂಬರು, ಮುಗಿಯುವ ತಾರೀಕು ಇರುತ್ತದೆ. ಪಕ್ಕದಲ್ಲಿ ಡಾಕ್ಟರ ಸಹಿ, ಸೀಲು, ನೋಂದಣಿ ಸಂಖ್ಯೆ. ನಮ್ಮ ಕಾರ್ಡಿನಲ್ಲಿ ಇದ್ದದ್ದು ಬಾಲ್ ಪೆನ್ನಿನ ಒಂದು ತಾರೀಕು, ಒಂದು ಗೀಚು.

ಎರಡು ವರ್ಷ ನಾಯಿಯ ಸುದ್ದಿಗೇ ಹೋಗಲಿಲ್ಲ. ಆಮೇಲೆ ಗೊತ್ತಿದ್ದವರು ಹಾಸನದ ಕಡೆಯ ಒಬ್ಬ ಅಕ್ಕನ ನಂಬರು ಕೊಟ್ಟರು. ಫೋನ್ ಮಾಡಿದರೆ ರೇಟಿನ ಮಾತೇ ಇಲ್ಲ. ಹಗಲು ಮನೆಯಲ್ಲಿ ಯಾರಿರುತ್ತಾರೆ? ಊರಿಗೆ ಹೋದರೆ ಎಲ್ಲಿ ಬಿಡುತ್ತೀರಿ? ಕಟ್ಟಿ ಹಾಕಿ ಸಾಕುತ್ತೀರಾ? ಹೆಣ್ಣು ಕೊಡುವ ಮನೆಯವರು ವಿಚಾರಿಸುವ ಹಾಗೆ ವಿಚಾರಿಸಿದರು. ಹಿಂದಿನ ಮರಿ ಎಷ್ಟು ದಿನದ ಹಿಂದೆ ಸತ್ತಿತು, ನೆಲಕ್ಕೆ ಬ್ಲೀಚ್ ಹಾಕಿ ತೊಳೆದಿರಾ ಅಂತಲೂ ಕೇಳಿದರು. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ ಅಂತ ನನಗೆ ಗೊತ್ತಾಗಿದ್ದೇ ಅವರಿಂದ. ಕೊನೆಗೆ, "ಈಗ ಮರಿ ಇಲ್ಲ. ಈ ಸಲ ಬೆದೆಗೆ ಬಂದರೂ ಕೂಡಿಸಲ್ಲ, ಅವಳಿಗೆ ಬಿಡುವು ಬೇಕು" ಅಂದರು.

ಹತ್ತಿರಹತ್ತಿರ ಒಂದು ವರ್ಷ ಕಾದೆವು. ಮರಿ ನೋಡಲು ಹೋದಾಗ ಬಾಗಿಲಿಗೆ ಬಂದದ್ದು ತಾಯಿ ನಾಯಿ. ಮೊಲೆ ಜೋತಿತ್ತು, ಹೊಟ್ಟೆಯ ಮೇಲೆ ಕೂದಲು ತೆಳುವಾಗಿತ್ತು. ಹಾಲೂಡಿಸುವ ನಾಯಿ ಹೀಗೇ ಇರಬೇಕು. ಮೈ ತುಂಬ ಹೊಳೆಯುವ ಕೂದಲು, ಬಿಗಿಯಾದ ಹೊಟ್ಟೆ ಇರುವ ನಾಯಿಯನ್ನು 'ಇದೇ ತಾಯಿ' ಅಂತ ತೋರಿಸಿದರೆ ಅನುಮಾನ ಪಡಿ. ಅಕ್ಕನ ಮನೆಯ ಆ ತಾಯಿ ನಮ್ಮ ಕೈ ಮೂಸಿ, ಅಕ್ಕನ ಮುಖ ನೋಡಿ, ಮತ್ತೆ ಮರಿಗಳ ಹತ್ತಿರ ಹೋಗಿ ಮಲಗಿತು. ಮರಿಗಳಿದ್ದದ್ದು ಅಡುಗೆ ಮನೆಯ ಪಕ್ಕದ ಕೋಣೆಯಲ್ಲಿ, ಹಳೆ ಸೀರೆಯ ಮೇಲೆ. ಮಿಕ್ಸಿ ಸದ್ದಾದರೂ ಬೆಚ್ಚಲಿಲ್ಲ. ತಂದೆ ತಾಯಿ ಎರಡರದ್ದೂ ಸೊಂಟದ ಕೀಲಿನ ಎಕ್ಸ್‌ರೇ ತೋರಿಸಿದರು. ಲ್ಯಾಬ್‌ಗಳಿಗೆ ಆ ಕೀಲಿನ ತೊಂದರೆ ಜಾಸ್ತಿ, ನೀವೂ ತಪ್ಪದೆ ಕೇಳಿ. ಹೊರಡುವಾಗ ಅವರು ಹೇಳಿದ್ದು: "ಸಾಕಲು ಆಗದಿದ್ದರೆ ಎಷ್ಟು ವರ್ಷವಾದರೂ ನನಗೇ ತಂದುಕೊಡಿ. ಬೇರೆಯವರಿಗೆ ದಾಟಿಸಬೇಡಿ."

ಶಿವಮೊಗ್ಗದಿಂದ:
ನಾನು ಪಶು ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವವನು. ನಿಮ್ಮ ಪ್ರಶ್ನೆಯಲ್ಲಿ ನನಗೆ ಮೊದಲು ಕಂಡದ್ದು '45 ದಿನ'. ಎಲ್ಲ ಕಡೆ ಇದೇ ಲೆಕ್ಕ ಹೇಳುತ್ತಾರೆ. ಆದರೆ ನಾಯಿ ತಳಿ ಮತ್ತು ಮಾರಾಟಕ್ಕೆ ಕೇಂದ್ರ ಸರ್ಕಾರ 2017ರಲ್ಲಿ ನಿಯಮ ಮಾಡಿದೆ. ಅದರ ಪ್ರಕಾರ ಎಂಟು ವಾರ, ಅಂದರೆ 56 ದಿನ ತುಂಬದ ಮರಿ ಮಾರುವಂತಿಲ್ಲ. ಆ ಹನ್ನೊಂದು ದಿನ ಸಣ್ಣ ವಿಷಯ ಅಲ್ಲ. ಒಡಹುಟ್ಟಿದ ಮರಿಗಳ ಜೊತೆ ಕಚ್ಚಾಡುತ್ತಲೇ ಎಷ್ಟು ಗಟ್ಟಿಯಾಗಿ ಕಚ್ಚಬಾರದು ಅಂತ ಮರಿ ಕಲಿಯುವುದು ಆಗಲೇ. ಆದರೆ ಮರಿ ಜಾಸ್ತಿ ತಿನ್ನಲು ಶುರು ಮಾಡುವುದೂ, ಲಸಿಕೆಯ ಖರ್ಚು ಬರುವುದೂ ಆಗಲೇ. ಅದಕ್ಕೇ ಬೇಗ ಸಾಗಹಾಕುತ್ತಾರೆ ಅನ್ನುವುದು ನನ್ನ ಅನಿಸಿಕೆ.

45 ಅಂದದ್ದೂ ಎಷ್ಟೋ ಸಲ ಸುಳ್ಳು. ಮರಿಯ ಬಾಯಿ ತೆರೆದು ನೋಡಿ. ಎಂಟು ವಾರದ ಮರಿಗೆ 28 ಹಾಲುಹಲ್ಲೂ ಬಂದಿರುತ್ತವೆ. ಮುಂದೆ ನಾಲ್ಕು ಹಲ್ಲು ಮೊಳೆತು ಹಿಂದೆ ಬರೀ ವಸಡು ಇದ್ದರೆ ಅದು ಒಂದು ತಿಂಗಳ ಕೂಸು.

ಬ್ರೀಡರ್ ಆದವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಆ ಸರ್ಟಿಫಿಕೇಟ್ ಕೇಳಿ. ಹೆಣ್ಣು ನಾಯಿಗೆ 18 ತಿಂಗಳು ತುಂಬಿರಬೇಕು, ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದಕ್ಕಿಂತ ಜಾಸ್ತಿ ಇಲ್ಲ, 8 ವರ್ಷ ದಾಟಿದ ಮೇಲೆ ಬೇಡ ಅಂತಲೂ ನಿಯಮ ಇದೆ. 'ಇದು ಎಷ್ಟನೇ ಸೂಲು, ಹಿಂದಿನದ್ದು ಯಾವಾಗ?' ಅಂತ ಸಹಜವಾಗಿ ಕೇಳಿ ನೋಡಿ. ಸಾಕುವವರಿಗೆ ಇದು ಬಾಯಲ್ಲೇ ಇರುತ್ತದೆ. ದಂಧೆಯವರು ತಡವರಿಸುತ್ತಾರೆ.

'ಪೇಪರ್ ಇದ್ದರೆ ಒಂದು ರೇಟು, ಇಲ್ಲದಿದ್ದರೆ ಒಂದು ರೇಟು' ಅಂದರೆ ಅಲ್ಲಿಂದ ಎದ್ದು ಬನ್ನಿ. ಕೆನಲ್ ಕ್ಲಬ್ ಆಫ್ ಇಂಡಿಯಾದ ಕಾಗದ ಮರಿಯ ತಂದೆ ತಾಯಿ ಯಾರು ಅಂತ ಹೇಳುತ್ತದೆ, ಅಷ್ಟೇ. ಆರೋಗ್ಯದ ಬಗ್ಗೆ ಅದು ಏನೂ ಹೇಳುವುದಿಲ್ಲ.

ಒಂದು ನಾಯಿಯ ವಿಷಯ ಹೇಳಲೇಬೇಕು. ಯಾರೋ ರಸ್ತೆಯಲ್ಲಿ ಸಿಕ್ಕಿತು ಅಂತ ಒಂದು ಗೋಲ್ಡನ್ ರಿಟ್ರೀವರ್ ತಂದರು. ಐದಾರು ವರ್ಷ ಇರಬಹುದು. ಮೊಲೆ ನೆಲ ಮುಟ್ಟುತ್ತಿತ್ತು. ತಂತಿ ಜಾಲರಿಯ ಮೇಲೆ ನಿಂತೂ ನಿಂತೂ ಬೆರಳುಗಳು ಅಗಲವಾಗಿ ಬಿಚ್ಚಿಕೊಂಡಿದ್ದವು. ಹಿಂಗಾಲಿನ ಕೂದಲು ಮೂತ್ರದಲ್ಲಿ ನೆನೆದು ಹಳದಿಯಾಗಿತ್ತು. ಹುಲ್ಲಿನ ಮೇಲೆ ಬಿಟ್ಟರೆ ಹೆಜ್ಜೆ ಇಡಲು ಗೊತ್ತಾಗದೆ ಅಲ್ಲೇ ನಡುಗುತ್ತಾ ಕೂತಿತು. ನಾವು ಅಗ್ಗದ ರೇಟಿಗೆ ಚೌಕಾಶಿ ಮಾಡಿ ತರುವ ಮುದ್ದು ಮರಿಗಳ ತಾಯಂದಿರು ಹೀಗಿರುತ್ತಾರೆ. ಅದಕ್ಕೇ ಹೇಳುವುದು, ಮರಿ ನೋಡುವ ಮೊದಲು ತಾಯಿಯ ಕಾಲು ನೋಡಿ.

ಬಾಗಲಕೋಟೆಯಿಂದ:
ಲ್ಯಾಬ್ ಕೇಳಿದವರಿಗೆ ಮುಧೋಳದ ಮಾತು ಯಾಕೆ ಅನ್ನಬೇಡಿ. ಮುಧೋಳ ನಾಯಿ ಸೈನ್ಯಕ್ಕೆ ಹೋಯಿತು ಅಂತ ಸುದ್ದಿಯಾದ ಮೇಲೆ ನಮ್ಮ ಕಡೆಯೂ ಬೋರ್ಡುಗಳು ಎದ್ದವು. ಬೋರ್ಡು ನೋಡಿ ಮರುಳಾಗಬೇಡಿ. ಹೊಲದ ಮನೆಯಲ್ಲಿ ಎರಡು ಹೆಣ್ಣು ಇಟ್ಟುಕೊಂಡು, ಅಜ್ಜನ ಕಾಲದಿಂದ ಯಾವ ನಾಯಿ ಯಾವುದರ ಮಗಳು ಅಂತ ಬಾಯಲ್ಲೇ ಹೇಳುವ ರೈತರು ಇದ್ದಾರೆ. ಟೈಲ್ಸ್ ಹಾಕಿದ ಕೆನಲ್‌ನಲ್ಲಿ ಹತ್ತು ಜಾತಿಯ ಮರಿ ಇಟ್ಟವರೂ ಇದ್ದಾರೆ. ನಾನಾದರೆ ಹೊಲದ ಮನೆಗೇ ಹೋಗುತ್ತೇನೆ. ಮುಧೋಳವೇ ಬೇಕು ಅನ್ನುವವರು ತಿಮ್ಮಾಪುರದಲ್ಲಿರುವ ಪಶು ವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರದಲ್ಲಿ ಮೊದಲು ವಿಚಾರಿಸಿ.

ಮಂಗಳೂರಿನಿಂದ:
ಬೀದಿ ಮರಿಯನ್ನೂ ಒಮ್ಮೆ ಯೋಚಿಸಿ. ನಮ್ಮದು ಬಸ್ ಸ್ಟ್ಯಾಂಡ್ ಹತ್ತಿರ ಮಳೆಯಲ್ಲಿ ಸಿಕ್ಕಿದ್ದು, ಈಗ ಒಂಬತ್ತು ವರ್ಷ. ಲ್ಯಾಬ್ ಬೇಡ ಅಂತಲ್ಲ. ಮಗಳನ್ನು ಒಂದು ದಿನ ಶೆಲ್ಟರ್‌ಗೆ ಕರೆದುಕೊಂಡು ಹೋಗಿ, ಸಾಕಿದವರು ಬಿಟ್ಟುಹೋದ ಲ್ಯಾಬ್‌ಗಳೂ ಅಲ್ಲಿ ಇರುತ್ತವೆ.

ಮೈಸೂರಿನಿಂದ:
ಎಲ್ಲರಿಗೂ ಧನ್ಯವಾದ. ಇವತ್ತು ಫೋನ್ ಮಾಡಿ, ಮನೆಗೇ ಬರುತ್ತೇವೆ, ತಾಯಿ ನೋಡಬೇಕು ಅಂದೆ. ಮೊದಲು 'ತಾಯಿ ಫಾರ್ಮ್‌ನಲ್ಲಿದೆ' ಅಂದರು. ಫಾರ್ಮ್‌ಗೇ ಬರುತ್ತೇವೆ ಅಂದಾಗ, 'ಬೇರೆ ಪಾರ್ಟಿ ಕಾಯುತ್ತಿದೆ, ಬೇಕಾದರೆ ಈಗಲೇ ಹೇಳಿ' ಅಂದರು. ಬೇಡ ಅಂದೆ. ಮಗಳು ಅತ್ತಳು. ಆ ಗೋಲ್ಡನ್ ನಾಯಿಯ ವಿಷಯ ಓದಿ ಹೇಳಿದ ಮೇಲೆ ಸುಮ್ಮನಾದಳು. ಶನಿವಾರ ಮಂಡ್ಯದ ಹತ್ತಿರ ಇಬ್ಬರ ಮನೆಗೆ ಹೋಗಿ ನೋಡಿ ಬರೋಣ ಅಂತಿದ್ದೇವೆ.

ತುಮಕೂರಿನಿಂದ:
ಒಂದೇ ದಿನ ಎರಡು ಮನೆಗೆ ಹೋಗಬೇಡಿ. ಪಾರ್ವೊ ಚಪ್ಪಲಿಯಲ್ಲಿ, ಬಟ್ಟೆಯಲ್ಲಿ ಬರುತ್ತದೆ. ಒಂದು ಕಡೆ ಹೋಗಿ ಬಂದು, ಸ್ನಾನ ಮಾಡಿ, ಬಟ್ಟೆ ಒಗೆದು, ಬೇರೆ ಚಪ್ಪಲಿ ಹಾಕಿಕೊಂಡು ಮರುದಿನ ಇನ್ನೊಂದು ಕಡೆ ಹೋಗಿ. ಮರಿ ಮುಟ್ಟುವ ಮೊದಲು ಕೈ ತೊಳೆಯಿರಿ ಅಂತ ಅವರೇ ಹೇಳುತ್ತಾರಾ ನೋಡಿ. ಹಾಸನದ ಅಕ್ಕ ನಮ್ಮ ಚಪ್ಪಲಿಯನ್ನು ಗೇಟಿನ ಹೊರಗೇ ಬಿಡಿಸಿದ್ದರು.