ಸ್ನಾರ್ಕೆಲ್, ಶೀಟ್, ರೀಫ್: ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ: ಉಷ್ಣವಲಯದ ದ್ವೀಪಗಳ ಸುತ್ತ ಬೆಳಿಗ್ಗೆ ಹೊರಟು ಸಂಜೆಗೆ ಮರಳುವ ಹಾಯಿದೋಣಿ ವಿಹಾರಕ್ಕೆ ಬರುವವರ ಕೈಗೆ ಕೊಡುವ ಎರಡು ಪುಟದ ಸೂಚನೆಪತ್ರ ಕನ್ನಡಕ್ಕೆ ಬರಬೇಕಿದೆ. ಸದ್ಯಕ್ಕೆ ಸ್ನಾರ್ಕೆಲ್‌ಗೆ (ಮುಖ ನೀರಿನೊಳಗಿಟ್ಟು ತೇಲುವಾಗ ಬಾಯಲ್ಲಿಟ್ಟು ಉಸಿರಾಡುವ ಕೊಳವೆ) ‘ಉಸಿರುಗೊಳವೆ’, ಡೈವ್‌ಗೆ ‘ಮುಳುಗು’, ಕರೆಂಟ್‌ಗೆ ‘ಪ್ರವಾಹ’, ರೀಫ್‌ಗೆ ‘ಹವಳದ ಬಂಡೆ’, ಲೀವರ್ಡ್‌ಗೆ ‘ಪವನವಿಮುಖ’ ಎಂದಿದೆ. ‘ಈಸ್ ದ ಶೀಟ್’, ‘ರೀಫ್ ದ ಮೇನ್’ ಇವೆರಡರ ತಲೆಬುಡ ಗೊತ್ತಾಗುತ್ತಿಲ್ಲ. ತಿದ್ದಿಕೊಡಿ.

ಉತ್ತರ: ಮೊದಲು ‘ಮುಳುಗು’ ಹೊಡೆದುಹಾಕಿ. ಕನ್ನಡದಲ್ಲಿ ಮುತ್ತು ತೆಗೆಯುವವನೂ ಮುಳುಗುತ್ತಾನೆ, ತೂತುಬಿದ್ದ ದೋಣಿಯೂ ಮುಳುಗುತ್ತದೆ, ಈಜು ಬಾರದವನೂ ಮುಳುಗುತ್ತಾನೆ. ‘ದೋಣಿಯ ಹಿಂಬದಿಯ ಏಣಿಯಿಂದ ಮುಳುಗಿರಿ’ ಎಂದರೆ ಅರ್ಧ ಜನ ದೋಣಿಯಲ್ಲೇ ಕೂರುತ್ತಾರೆ. ‘ನೀರಿಗಿಳಿಯಿರಿ’ ಸಾಕು. ಉಸಿರು ಹಿಡಿದು ಕೆಳಗೆ ಹೋಗಿಬರುವುದಕ್ಕೆ ‘ಮುಳುಗು ಹಾಕಿ ಏಳು’ ಅನ್ನಿ. ಏಳುವುದೂ ಆ ಮಾತಿನಲ್ಲೇ ಇದೆ.

ಅಲ್ಲೇ ಇನ್ನೊಂದು ಎಚ್ಚರ. ‘ಉಸಿರು ಕಟ್ಟಿ’ ಅಂತ ಬರೆಯಬೇಡಿ, ಉಸಿರು ಕಟ್ಟುವುದು ಅಪಾಯದ ಮಾತು. ‘ಬಿಗಿಹಿಡಿದು’ ಅನ್ನಿ. ಮೂಲದಲ್ಲಿ ‘ಮುಳುಗುವ ಮುನ್ನ ಹೈಪರ್‌ವೆಂಟಿಲೇಟ್ ಮಾಡಬೇಡಿ’ ಎಂದಿದ್ದರೆ ‘ಬುಸಬುಸನೆ ಹತ್ತಾರು ಸಲ ಉಸಿರೆಳೆದುಕೊಳ್ಳಬೇಡಿ’ ಎಂದು ಬಿಡಿಸಿಯೇ ಹೇಳಬೇಕು. ಹಾಗೆ ಎಳೆದುಕೊಂಡರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತಗ್ಗುತ್ತದೆ. ಮೇಲೇಳಬೇಕು ಅನ್ನಿಸುವುದು ಅದು ಏರಿದಾಗ. ಅದು ಏರುವ ಮೊದಲೇ ಆಮ್ಲಜನಕ ಮುಗಿದು ನೀರಿನೊಳಗೆ ಎಚ್ಚರ ತಪ್ಪುತ್ತದೆ.

‘ಉಸಿರುಗೊಳವೆ’ ಚೆಂದದ ಪದ, ಆದರೆ ಶರೀರದೊಳಗಿನ ಶ್ವಾಸನಾಳಕ್ಕೂ ಅದನ್ನೇ ಬಳಸುತ್ತಾರೆ. ‘ನಿಮ್ಮ ಉಸಿರುಗೊಳವೆಗೆ ನೀರು ಹೋದರೆ ಜೋರಾಗಿ ಊದಿ’ ಎಂದು ಓದಿದವರು ಯಾವುದನ್ನು ಊದಬೇಕು? ‘ಸ್ನಾರ್ಕೆಲ್’ ಇರಲಿ. ಅದು ಇಂಗ್ಲಿಷಿನ ಹುಟ್ಟುಪದವೂ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಜಲಾಂತರ್ಗಾಮಿಗಳು ನೀರಿನ ಮೇಲಕ್ಕೆ ಚಾಚಿದ ಗಾಳಿಕೊಳವೆಯ ಹೆಸರು ‘ಶ್ನೋರ್ಷೆಲ್’. ಗೊರಕೆ ಹೊಡೆಯುವುದಕ್ಕಿರುವ ಜರ್ಮನ್ ಪದಕ್ಕೆ ಅದು ನೆಂಟ. ಕೊಳವೆಯಲ್ಲಿ ಉಸಿರಾಡುವ ಸದ್ದು ಕೇಳಿದವರಿಗೆ ಸಂಬಂಧ ಹೇಳಿಕೊಡಬೇಕಿಲ್ಲ.

ಕೊಳವೆ 35–40 ಸೆಂ.ಮೀ.ಗಿಂತ ಉದ್ದವಿರುವುದಿಲ್ಲ. ‘ಇನ್ನೂ ಉದ್ದವಿದ್ದರೆ ಆಳಕ್ಕೆ ಹೋಗಬಹುದಲ್ಲ’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಒಂದು ಸಾಲು ಸೇರಿಸಿ. ಒಂದು ಮೀಟರ್ ಆಳಕ್ಕೇ ಎದೆಯ ಮೇಲೆ ವಾತಾವರಣದ ಒತ್ತಡದ ಹತ್ತನೇ ಒಂದು ಪಾಲು ಹೆಚ್ಚುವರಿಯಾಗಿ ಬೀಳುತ್ತದೆ. ಅದರೆದುರು ಎದೆ ಅರಳಿಸುವುದು ದಣಿವಿನ ಕೆಲಸ. ಜೊತೆಗೆ, ಬಿಟ್ಟ ಉಸಿರಿನಲ್ಲಿ ಸ್ವಲ್ಪ ಕೊಳವೆಯಲ್ಲೇ ಉಳಿದು ಮತ್ತೆ ಒಳಗೆ ಬರುತ್ತದೆ. 2 ಸೆಂ.ಮೀ. ಅಗಲ, 35 ಸೆಂ.ಮೀ. ಉದ್ದದ ಕೊಳವೆಯಲ್ಲಿ ಸುಮಾರು 110 ಮಿ.ಲೀ. ನಿಲ್ಲುತ್ತದೆ. ಸುಮ್ಮನಿದ್ದಾಗ ನಾವು ಎಳೆಯುವ ಒಂದು ಉಸಿರು 500 ಮಿ.ಲೀ. ಆಜುಬಾಜು. ಹಾಗಾಗಿ ‘ಬ್ರೀದ್ ಸ್ಲೋಲಿ’ಗೆ ‘ನಿಧಾನವಾಗಿ’ ಒಂದೇ ಸಾಲದು, ‘ನಿಧಾನವಾಗಿ, ನೀಳವಾಗಿ’ ಅನ್ನಿ. ಮೇಲುಸಿರು ಬಿಡುತ್ತಿದ್ದರೆ ಹಳೇ ಗಾಳಿಯೇ ತಿರುಗಿ ತಲೆನೋವು ಶುರುವಾಗುತ್ತದೆ.

ಮಾಸ್ಕ್‌ಗೆ ‘ಈಜುಕನ್ನಡಕ’ ಎಂದಿದ್ದರೆ ತಪ್ಪು. ಕನ್ನಡಕ ಮೂಗನ್ನು ಹೊರಗೆ ಬಿಡುತ್ತದೆ, ಮಾಸ್ಕ್ ಒಳಗಿಟ್ಟುಕೊಳ್ಳುತ್ತದೆ. ಕೆಳಕ್ಕಿಳಿದಾಗ ಮಾಸ್ಕ್ ಮುಖಕ್ಕೆ ಒತ್ತಿಕೊಂಡರೆ ಮೂಗಿನಿಂದ ತುಸು ಗಾಳಿ ಬಿಟ್ಟು ಸಡಿಲಿಸಬಹುದು, ಕನ್ನಡಕದಲ್ಲಿ ಆ ದಾರಿಯಿಲ್ಲ. ‘ಸೀಲ್’ ಪರೀಕ್ಷೆಯನ್ನು, ಅಂದರೆ ಮಾಸ್ಕ್ ನೀರು ಸೋರದಂತೆ ಕೂರುತ್ತದೆಯೇ ಎಂಬುದನ್ನು, ಹೀಗೆ ಬರೆಯಬಹುದು: ‘ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕಿಟ್ಟು ಮೂಗಿನಿಂದ ಉಸಿರೆಳೆಯಿರಿ. ಕೈಬಿಟ್ಟರೂ ಅಂಟಿ ನಿಂತರೆ ಅಳತೆ ಸರಿ.’ ಕೂದಲೆಳೆ ಸಿಕ್ಕಿಕೊಂಡರೆ, ಮೀಸೆ ದಪ್ಪವಿದ್ದರೆ ನೀರು ಜಿನುಗುತ್ತದೆ. ಜನ ಆಗ ಪಟ್ಟಿ ಬಿಗಿಯುತ್ತಾರೆ, ಅದರಿಂದ ಸೋರಿಕೆ ಹೆಚ್ಚುವುದೇ ಹೆಚ್ಚು.

‘ಪ್ರವಾಹ’ ಪತ್ರಿಕೆ ಓದುವವರಿಗೆ ನೆರೆ. ಸಮುದ್ರದ ಕರೆಂಟ್‌ಗೆ ‘ಸೆಳವು’ ಅಥವಾ ‘ಸೆಳೆತ’ ಎಂಬ ಸೊಗಸಾದ ಮಾತಿದೆ. ಒಂದು ನಾಟ್ ಸೆಳವು ಎಂದರೆ ಗಂಟೆಗೆ 1.852 ಕಿ.ಮೀ. ಕಾಗದದ ಮೇಲೆ ಅದು ಆಮೆಯ ವೇಗ. ಆದರೆ ಮೀನು ನೋಡುತ್ತ ತೇಲುವವರು ಐದು ನಿಮಿಷದಲ್ಲಿ ನೂರೈವತ್ತು ಮೀಟರ್ ಆಚೆ ಇರುತ್ತಾರೆ. ‘ಹೋಗುವಾಗ ಸೆಳವಿಗೆ ಎದುರಾಗಿ, ಬರುವಾಗ ಸೆಳವಿನ ಜೊತೆ’ ಎಂಬ ಸಾಲನ್ನು ದಪ್ಪಕ್ಷರದಲ್ಲಿ ಹಾಕಿ.

ಲೀವರ್ಡ್‌ಗೆ ‘ಗಾಳಿಮರೆ’ ಅನ್ನಿ. ಮರೆ ಎಂದೊಡನೆ ಆಸರೆ, ನೆಮ್ಮದಿ ಎಲ್ಲ ಬಂತು. ದ್ವೀಪದ ಗಾಳಿಮರೆಯಲ್ಲಿ ನೀರು ತಿಳಿ, ಅಲೆ ಕಡಿಮೆ. ಸ್ನಾರ್ಕೆಲಿಂಗ್‌ಗೆ ನಿಲ್ಲಿಸುವುದು ಅಲ್ಲೇ. ಆದರೆ ‘ಲೀ ಶೋರ್’ ಬಂದಲ್ಲಿ ಇದೇ ಪದ ಹಾಕಿದಿರೋ ಅರ್ಥ ತಲೆಕೆಳಗು. ದ್ವೀಪದ ಲೀ ದ್ವೀಪದಿಂದ ಅಳೆದದ್ದು, ಲೀ ಶೋರ್ ದೋಣಿಯಿಂದ ಅಳೆದದ್ದು. ದೋಣಿಯನ್ನು ಗಾಳಿ ಯಾವ ದಡಕ್ಕೆ ನೂಕುತ್ತದೋ ಅದು ಲೀ ಶೋರ್, ನಾವಿಕರು ಹೆದರುವ ದಡ. ಅದಕ್ಕೆ ‘ಗಾಳಿ ತಳ್ಳುವ ದಡ’ ಎಂದೇ ಬರೆಯಿರಿ, ಉದ್ದವಾದರೂ ಪರವಾಗಿಲ್ಲ.

ರೀಫ್ ಎರಡು. ನೀರಿನೊಳಗಿನದು ‘ಹವಳದ ದಿಬ್ಬ’. ‘ಬಂಡೆ’ ಬೇಡ. ಬಂಡೆ ಎಂದರೆ ಕಾಲೂರಿ ನಿಲ್ಲುವ ಜಾಗ ಅಂತಲೇ ಕನ್ನಡದ ಕಿವಿಗೆ ಕೇಳುವುದು. ಹವಳವೋ ಜೀವಂತ ಪ್ರಾಣಿಗಳ ಗುಂಪು. ಗುಂಡಗೆ ಬೆಳೆಯುವ ಜಾತಿಗಳು ಹಿಗ್ಗುವುದು ವರ್ಷಕ್ಕೆ ಒಂದು ಸೆಂ.ಮೀ. ಆಚೀಚೆ. ಎರಡನೆಯ ರೀಫ್ ಹಾಯಿಗೆ ಸೇರಿದ್ದು. ‘ರೀಫ್ ದ ಮೇನ್’ ಎಂದರೆ ಗಾಳಿ ಜೋರಾದಾಗ ದೊಡ್ಡ ಹಾಯಿಯ ಒಂದು ಪಟ್ಟಿ ಮಡಿಸಿ ಕಟ್ಟಿ ಹರವು ಕಡಿಮೆ ಮಾಡುವುದು: ‘ದೊಡ್ಡ ಹಾಯಿ ಕುಗ್ಗಿಸಿ’.

ಶೀಟ್ ಹಾಯಿಯಲ್ಲ, ಹಾಯಿಯನ್ನು ಎಳೆದು ಸಡಿಲಿಸುವ ಹಗ್ಗ. ‘ಈಸ್ ದ ಶೀಟ್’ಗೆ ‘ಹಾಯಿಹಗ್ಗ ಸಡಿಲ ಬಿಡಿ’. ಬಿಟ್ಟರೆ ಹಾಯಿಯಿಂದ ಗಾಳಿ ಸೋರಿ, ವಾಲಿದ ದೋಣಿ ನೇರವಾಗುತ್ತದೆ. ಟ್ಯಾಕ್, ಜೈಬ್ (ಗಾಳಿ ಹಾಯಿಯ ಇನ್ನೊಂದು ಮಗ್ಗುಲಿಗೆ ಬರುವಂತೆ ದೋಣಿ ತಿರುಗಿಸುವ ಎರಡು ಬಗೆ) ಎಂಬ ಪದಗಳು ಪ್ರಯಾಣಿಕರಿಗೆ ಬೇಕಿಲ್ಲ. ಹಾಯಿಯ ಕೆಳಅಂಚಿನ ಅಡ್ಡಮರ ಒಂದು ಮಗ್ಗುಲಿಂದ ಇನ್ನೊಂದಕ್ಕೆ ಬೀಸುತ್ತದೆ, ‘ತಲೆ ತಗ್ಗಿಸಿ’ ಅಂದರೆ ತಗ್ಗಿಸಿ, ಅಷ್ಟೇ.

ಇನ್ನು ‘ಮೂರಿಂಗ್’ಗೆ ‘ಲಂಗರು ಹಾಕುವುದು’ ಎಂದಿದ್ದರೆ ಅದೂ ತಪ್ಪು. ತಳಕ್ಕೆ ಮೊದಲೇ ಭದ್ರಪಡಿಸಿದ ‘ತೇಲುಗುಂಡು’ವಿಗೆ (ಬಾಯ್) ದೋಣಿ ಕಟ್ಟುವುದು ಮೂರಿಂಗ್. ಲಂಗರು ಹವಳವನ್ನು ಪುಡಿಮಾಡುತ್ತದೆ ಅಂತಲೇ ಆ ಏರ್ಪಾಡು. ನೀರಿನ ಆಳಕ್ಕೆ ನೀರಿನಿಂದ ದೋಣಿಯ ಮೂತಿಗಿರುವ ಎತ್ತರ ಸೇರಿ 5 ಮೀಟರ್ ಆದರೆ, ಲಂಗರಿಗೆ ಅದರ ಐದು ಪಟ್ಟು, 25 ಮೀಟರ್ ಸರಪಳಿ ಬಿಡುವುದು ವಾಡಿಕೆ. ದೋಣಿ ತಿರುಗಿದಂತೆ ಆ ಸರಪಳಿ ತಳವನ್ನೆಲ್ಲ ಗುಡಿಸುತ್ತದೆ.

ಮತ್ತೊಂದು ಉತ್ತರ: ಮೇಲಿನದಕ್ಕೆಲ್ಲ ಒಪ್ಪಿಗೆ, ‘ತೇಲುಗುಂಡು’ ಒಂದನ್ನು ಬಿಟ್ಟು. ಗುಂಡು ಅಂದರೆ ತೂಕವೇ ನೆನಪಾಗುತ್ತದೆ, ‘ತೇಲುಬುರುಡೆ’ ಮೇಲು. ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತ ಭಾಷೆ ನಮ್ಮದು.

ಸನ್ನೆಗಳ ಭಾಗವನ್ನೂ ನೋಡಿಕೊಳ್ಳಿ. ‘ಹೆಬ್ಬೆರಳೆತ್ತಿದರೆ ಎಲ್ಲ ಸರಿ’ ಎಂದು ಬರೆಯುವ ಹಾಗಿಲ್ಲ, ಮುಳುಗುಗಾರರ ಸನ್ನೆಯಲ್ಲಿ ಅದು ‘ಮೇಲಕ್ಕೆ ಹೋಗೋಣ’. ಸರಿ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ. ದೂರದಿಂದಾದರೆ ತೋಳು ಬಾಗಿಸಿ ಬೆರಳ ತುದಿಯನ್ನು ನೆತ್ತಿಗೆ ಮುಟ್ಟಿಸುವುದು. ‘ವೇವ್’ ಇರುವ ಸಾಲಿಗೆ ಬರೀ ‘ಕೈ ಬೀಸಿ’ ಬೇಡ. ಹೀಗಿರಲಿ: ‘ಸಹಾಯ ಬೇಕಾದಾಗ ಮಾತ್ರ ತೋಳೆತ್ತಿ ಬೀಸಿ, ಫೋಟೊಗೆ, ಟಾಟಾಕ್ಕೆ ಬೀಸಬೇಡಿ, ದೋಣಿ ನಿಮ್ಮತ್ತಲೇ ಬರುತ್ತದೆ.’