ಓದುಗರ ಸ್ಪಂದನ: ‘ಸಾಲ ತೀರ್ಸೋಕೆ ಇನ್ನೊಂದು ಸಾಲ ಮಾಡ್ಲಾ?’

ಹೋದ ವಾರ ತುಮಕೂರಿನ ಓದುಗಿಯೊಬ್ಬರು ಹೆಸರು ಹಾಕಬೇಡಿ ಅಂತ ಕೇಳ್ಕೊಂಡು ತಮ್ಮ ಸಾಲದ ಕಥೆ ಬರೆದಿದ್ರು. ಗಂಡ ಹೆಂಡತಿ ಇಬ್ಬರದೂ ಸೇರಿ ಮನೆಗೆ ಬರೋದು ತಿಂಗಳಿಗೆ 42 ಸಾವಿರ. ಕ್ರೆಡಿಟ್ ಕಾರ್ಡಲ್ಲಿ 1.40 ಲಕ್ಷ ಬಾಕಿ, ಬರೀ ಮಿನಿಮಮ್ 7 ಸಾವಿರ ಕಟ್ಕೊಂಡು ಬರ್ತಿದಾರೆ. ಕೈಸಾಲ 1 ಲಕ್ಷ, ನೂರಕ್ಕೆ 4 ರೂಪಾಯಿ ಬಡ್ಡಿ, ಅದಕ್ಕೆ ಸೈನ್ ಹಾಕಿದ ಖಾಲಿ ಚೆಕ್ ಕೊಟ್ಟಿದಾರೆ. ಸಂಘದ ಸಾಲ ಮೂರು, ಬಾಕಿ 85 ಸಾವಿರ, ವಾರಕ್ಕೆ 2,150 ಕಂತು, ಅದರಲ್ಲಿ ಒಂದು ಪಕ್ಕದ ಮನೆಯವರಿಗೋಸ್ಕರ ತಮ್ಮ ಹೆಸರಲ್ಲಿ ತೆಗೆದಿದ್ದು, ಅವರು ಈಗ ಕಟ್ತಿಲ್ಲ. ಮೊಬೈಲ್ ಆ್ಯಪ್ ಸಾಲ ಎರಡು, 32 ಸಾವಿರ. 38 ಗ್ರಾಂ ಒಡವೆ ಬ್ಯಾಂಕಲ್ಲಿ 1.20 ಲಕ್ಷಕ್ಕೆ ಅಡವು. 1 ಲಕ್ಷದ ಚೀಟಿ, 20 ಕಂತಲ್ಲಿ 12 ಕಟ್ಟಿದಾರೆ, ಇನ್ನೂ ಎತ್ತಿಲ್ಲ. ಕೈಸಾಲ ಮತ್ತು ಆ್ಯಪ್ ಸಾಲ ಗಂಡನಿಗೆ ಗೊತ್ತಿಲ್ಲ. ಏಜೆಂಟ್ ಒಬ್ಬ 5 ಲಕ್ಷ ಪರ್ಸನಲ್ ಲೋನ್ ಕೊಡಿಸ್ತೀನಿ, ಎಲ್ಲ ಒಂದೇ ಸಲ ಕ್ಲಿಯರ್ ಮಾಡ್ಕೊಳಿ, ಮುಂಗಡ 15 ಸಾವಿರ ಕೊಡಿ ಅಂತಿದಾನಂತೆ. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

*

ತಂಗೀ, ಎಲ್ಲಕ್ಕೂ ಮೊದಲು ಆ ಏಜೆಂಟ್ ಕೈಗೆ 15 ಸಾವಿರ ಇಡಬೇಡ. ಪ್ರೊಸೆಸಿಂಗ್ ಫೀ ಅನ್ನೋದು ಇರೋದು ನಿಜ, ಆದ್ರೆ ಸರಿಯಾದ ಬ್ಯಾಂಕು ಅದನ್ನ ಸಾಲದ ದುಡ್ಡಲ್ಲೇ ಮುರ್ಕೊಳ್ಳುತ್ತೆ, ಯಾರದೋ ನಂಬರಿಗೆ ಯುಪಿಐ ಮಾಡು ಅನ್ನಲ್ಲ. ನಾನು 34 ವರ್ಷ ಬ್ಯಾಂಕಲ್ಲಿ ಇದ್ದವನು, ಬಹಳ ವರ್ಷ ಸಾಲದ ಕೌಂಟರ್ರಲ್ಲೇ ಕೂತವನು. 42 ಸಾವಿರ ಆದಾಯದ ಮನೇಲಿ ಆಗಲೇ 30 ಸಾವಿರದ ಹತ್ರ ಕಂತಿಗೆ ಹೋಗ್ತಿದ್ರೆ ಯಾವ ಮ್ಯಾನೇಜರೂ 5 ಲಕ್ಷಕ್ಕೆ ಸೈನ್ ಹಾಕಲ್ಲ, ಕೊಡಿಸೇ ಕೊಡಿಸ್ತೀನಿ ಅನ್ನೋನ ಮೇಲೇ ಅನುಮಾನ ಪಡಬೇಕು.

ಈಗ ಲೆಕ್ಕಕ್ಕೆ ಬಾ. ಕೈಸಾಲದವನನ್ನ ಮೀಟರ್ ಬಡ್ಡಿಯವನು ಅಂತ ಬೈದು ಬರೆದಿದೀಯ, ಕಾರ್ಡ್ ಬಗ್ಗೆ ಮಾತ್ರ ‘ಹೇಗೋ ಮಿನಿಮಮ್ ಕಟ್ಕೊಂಡು ಹೋಗ್ತಿದೀನಿ’ ಅಂತ ಸಮಾಧಾನವಾಗಿ ಬರೆದಿದೀಯ. ನೂರಕ್ಕೆ 4 ರೂಪಾಯಿ ಅಂದ್ರೆ ವರ್ಷಕ್ಕೆ 48 ಪರ್ಸೆಂಟ್, ಸರಿ. ಕಾರ್ಡಿನವರು ಸಾಮಾನ್ಯವಾಗಿ ತಿಂಗಳಿಗೆ 3.5 ಪರ್ಸೆಂಟ್ ಹಾಕ್ತಾರೆ, ಆ ಬಡ್ಡಿ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ. 1.40 ಲಕ್ಷಕ್ಕೆ ಬಡ್ಡಿ 4,900, ಜಿಎಸ್‌ಟಿ 882, ಒಟ್ಟು 5,782. ನೀನು ಕಟ್ಟೋ 7 ಸಾವಿರದಲ್ಲಿ ಅಸಲಿಗೆ ಹೋಗೋದು ಬರೀ 1,218 ರೂಪಾಯಿ! ಒಬ್ಬ ಬೈಕಲ್ಲಿ ಬಂದು ಬಾಗಿಲಲ್ಲಿ ನಿಲ್ತಾನೆ, ಇನ್ನೊಬ್ಬ ಮೆಸೇಜ್ ಕಳಿಸ್ತಾನೆ, ಅಷ್ಟೇ ವ್ಯತ್ಯಾಸ. ಇನ್ನೊಂದು, ಬಾಕಿ ಉಳಿಸ್ಕೊಂಡಿರೋವರೆಗೂ ಕಾರ್ಡಲ್ಲಿ ಹೊಸದಾಗಿ ಏನು ತಗೊಂಡ್ರೂ ಅವತ್ತಿಂದಲೇ ಬಡ್ಡಿ ಓಡುತ್ತೆ, ಬಡ್ಡಿ ಇಲ್ಲದ ದಿನಗಳು ಅನ್ನೋದೆಲ್ಲ ಬಿಲ್ ಪೂರ್ತಿ ಕಟ್ಟೋರಿಗೆ.

ಒಡವೆ ಇಟ್ಟಿರೋ ಬ್ಯಾಂಕಿಗೇ ಒಂದು ಸಲ ಹೋಗಿ ಬಾ. ನೀನು ಇಟ್ಟಾಗಿನ ಚಿನ್ನದ ರೇಟಿಗೂ ಈಗಿನ ರೇಟಿಗೂ ತಾಳೆನೇ ಇಲ್ಲ, ಅದೇ 38 ಗ್ರಾಂ ಮೇಲೆ ಇನ್ನೊಂದು ಲಕ್ಷ ಸಿಗೋ ಸಾಧ್ಯತೆ ಇದೆ. ಒಡವೆ ಸಾಲಕ್ಕೆ ಬ್ಯಾಂಕಲ್ಲಿ ವರ್ಷಕ್ಕೆ 9–10 ಪರ್ಸೆಂಟಿನ ಆಸುಪಾಸು ಇರುತ್ತೆ, ಜಿಎಸ್‌ಟಿ ಸೇರಿ ವರ್ಷಕ್ಕೆ 50ರ ಹತ್ರ ಆಗೋ ಕಾರ್ಡ್ ಸಾಲ ತೆಗೆದು 10ರ ಸಾಲಕ್ಕೆ ಹಾಕೋದು ಹೊಸ ಸಾಲ ಮಾಡಿದ ಹಾಗಲ್ಲ. ಆದ್ರೆ ಆ ದುಡ್ಡು ಬ್ಯಾಂಕಿಂದ ಸೀದಾ ಕಾರ್ಡಿಗೆ ಹೋಗಬೇಕು, ಮನೆಗೆ ಬಂದು ಒಂದು ರಾತ್ರಿ ತಂಗಿದ್ರೂ 10 ಸಾವಿರ ಕಮ್ಮಿ ಆಗಿರುತ್ತೆ, ಇದು ನನ್ನ ಮನೇಲೂ ಆಗಿದೆ. ಉಳಿದಿದ್ದನ್ನ ಇಎಂಐ ಮಾಡಿಕೊಡಿ ಅಂತ ಕಾರ್ಡಿನವರನ್ನೇ ಕೇಳು. ‘ಅರ್ಧ ಕಟ್ಟಿ ಸೆಟಲ್ ಮಾಡ್ಕೊಳಿ’ ಅಂತ ಯಾವತ್ತಾದ್ರೂ ಫೋನ್ ಬಂದ್ರೆ ಯೋಚನೆ ಮಾಡಿ ಹೂಂ ಅನ್ನು, ನಮ್ಮ ಸಾಲದ ಚರಿತ್ರೆ ಬರೆದಿಡೋ ಸಿಬಿಲ್ಲಲ್ಲಿ ‘ಕ್ಲೋಸ್ಡ್’ ಅಂತ ಬರಲ್ಲ, ‘ಸೆಟಲ್ಡ್’ ಅಂತ ಬರುತ್ತೆ, ನಾಳೆ ಮಗನ ಓದಿಗೆ ಸಾಲ ಕೇಳೋಕೆ ಹೋದಾಗ ಅದು ಎದ್ದು ಕೂರುತ್ತೆ.

— ನಿವೃತ್ತ ಬ್ಯಾಂಕ್ ನೌಕರ, ಶಿವಮೊಗ್ಗ

*

ನಮಸ್ಕಾರ ಅಕ್ಕಾರ, ನಿಮ್ಮ ಪತ್ರ ಓದಿ ನನ್ನ ಕಥಿನ ಯಾರೋ ಬರದಂಗ ಆತು. ನಾನೂ ಹಿಂಗ ನಮ್ಮ ಓಣಿಯಾಕಿಗೆ ನನ್ನ ಹೆಸರ್ಲೆ 40 ಸಾವಿರ ಎತ್ತಿಕೊಟ್ಟಿದ್ದೆ, ನಾಕು ತಿಂಗಳು ಛಲೋ ಕಟ್ಟಿದ್ಲು, ಆಮ್ಯಾಲೆ ಬಾಗಲಾ ಹಾಕ್ಕೊಂಡು ಒಳಗ ಕುಂದ್ರಾಕ ಹತ್ತಿದ್ಲು. ಸಂಘದವ್ರಿಗೆ ನಿಮ್ಮ ಹೆಸರು ಅಷ್ಟ ಗೊತ್ತು, ಆಕಿ ಹೆಸರು ಗೊತ್ತಿಲ್ಲ, ಅದಕ್ಕ ಕಂತು ತಪ್ಪಸಬ್ಯಾಡ್ರಿ. ಆದ್ರ ಆಕಿನ್ನ ಸುಮ್ನ ಬಿಡಬ್ಯಾಡ್ರಿ. ನಾ ಏನ್ ಮಾಡಿದೆ ಅಂದ್ರ ಗುಂಪಿನ ಇಬ್ರು ಹೆಣ್ಮಕ್ಕಳನ್ನ ಕರ್ಕೊಂಡು ಆಕಿ ಮನಿಗೆ ಹೋಗಿ, ಜಗಳ ಮಾಡ್ಲಿಲ್ಲ, ಒಂದು ಹಾಳಿ ಮ್ಯಾಲೆ ಇಷ್ಟು ರೊಕ್ಕ ನಂದಲ್ಲ ಇವಳ್ದು ಅಂತ ಬರಸಿ ಸಹಿ ಹಾಕಿಸ್ಕೊಂಡು ಬಂದೆ. ವಾರಕ್ಕ 300 ಅಂತ ಒಪ್ಪಿದ್ಲು, ಕಂತು 650 ಇತ್ತು, ಆದ್ರೂ ಏನೂ ಇಲ್ಲದ್ದಕ್ಕಿಂತ ಛಲೋ ಅಲ್ಲೇನ್ರಿ.

ಮತ್ತ ಇನ್ನೊಂದು ಕೇಳ್ರಿ. ಈ ಸಂಘದ ಸಾಲಕ್ಕ ಮೈಕ್ರೋಫೈನಾನ್ಸ್ ಅಂತಾರ, ಅದು ವರ್ಷಕ್ಕ 3 ಲಕ್ಷದ ಒಳಗ ದುಡಿಯೋ ಮನಿಗೆ ಕೊಡೂದು, ಎಲ್ಲಾ ಸಾಲದ ಕಂತು ಸೇರಿ ದುಡಿಮಿ ಅರ್ಧಾ ದಾಟಬಾರದು ಅಂತ ರಿಸರ್ವ್ ಬ್ಯಾಂಕಿನ ರೂಲ್ 2022ರಿಂದ ಐತಿ. ನಿಮ್ಮ ದುಡಿಮಿ ನೋಡಿದ್ರ ಫಾರ್ಮ್ ತುಂಬುವಾಗ ಅವ್ರೂ ಕೇಳಿಲ್ಲ ನೀವೂ ಹೇಳಿಲ್ಲ, ನಮ್ಮೂರಾಗೂ ಹಂಗ. ಅದು ಆಗಿ ಹೋತು. ಈಗ ಉಪಯೋಗಕ್ಕ ಬರೂದು ಅಂದ್ರ, ಈ ಸಾಲದ ವಸೂಲಿಗೆ ಮುಂಜಾನೆ 9ರ ಮೊದಲ, ಸಂಜಿ 6ರ ಮ್ಯಾಲೆ ಕಾಡಂಗಿಲ್ಲ, ಬಂಧು ಬಳಗಕ್ಕ ತ್ರಾಸ ಕೊಡಂಗಿಲ್ಲ. ಮದ್ಲ ತೀರಿಸಿದ್ರ ದಂಡನೂ ಹಾಕಂಗಿಲ್ಲ. ನಮ್ಮಲ್ಲಿ ಒಬ್ಬಾಂವ ರಾತ್ರಿ 8ಕ್ಕ ಬಂದು ಕಟ್ಟಿ ಮ್ಯಾಲೆ ಕುಂತ್ರ ಏಳ್ತಿರ್ಲಿಲ್ಲ, ನಾವು ಐದು ಮಂದಿ ಕೂಡಿ ಅವ್ನ ಮ್ಯಾನೇಜರ್‌ಗೆ ಫೋನ್ ಹಚ್ಚಿದ್ವಿ, ಮರುವಾರದಿಂದ ಮಧ್ಯಾಹ್ನಕ್ಕ ಬರಾಕ ಹತ್ತಿದ. ಒಬ್ಬಾಕಿ ಮಾತಾಡಿದ್ರ ಕೇಳೂದಿಲ್ರಿ ಅವ್ರು.

— ಹೊಲಿಗೆ ಕೆಲಸದಾಕಿ, ಹಾವೇರಿ ಜಿಲ್ಲೆ

*

ಮೇಡಂ ನಾನು ಫಸ್ಟ್ ಆ್ಯಪ್ ಸಾಲ ಕ್ಲೋಸ್ ಮಾಡಿ ಅಂತೀನಿ, ಬಡ್ಡಿ ಲೆಕ್ಕ ಹಾಕೋರು ಬೇರೆ ಹೇಳಬಹುದು. ನನ್ನ ಅನುಭವ ಹೇಳ್ತೀನಿ, 8 ಸಾವಿರ ಸಾಲ ಅಂತ ತಗೊಂಡೆ, ಅಕೌಂಟಿಗೆ ಬಂದಿದ್ದು 5,200, ಏಳು ದಿನಕ್ಕೆ 8 ಸಾವಿರ ವಾಪಸ್, ಅದನ್ನ ಕಟ್ಟೋಕೆ ಇನ್ನೊಂದು ಆ್ಯಪ್, ಅದಕ್ಕೆ ಮತ್ತೊಂದು, ಹೀಗೆ ಆರು ಆ್ಯಪ್ ಆಯ್ತು. ಒಂದು ದಿನ ಡ್ಯೂ ಮೀರಿದ್ದಕ್ಕೆ ನನ್ನ ಕಾಂಟ್ಯಾಕ್ಟಲ್ಲಿದ್ದ ನಮ್ಮ ಹಳೇ ಹೈಸ್ಕೂಲ್ ಮೇಷ್ಟ್ರಿಗೆ ಫೋನ್ ಹೋಯ್ತು. ನಿಮ್ಮ ಹುಡುಗ ಕಳ್ಳ ಅಂತ. ಅವರು ನನಗೆ ಫೋನ್ ಮಾಡಿ ‘ಊಟ ಮಾಡಿದ್ಯಾ’ ಅಂತ ಮಾತ್ರ ಕೇಳಿದ್ರು, ಅದೇ ನನಗೆ ಜಾಸ್ತಿ ನೋವಾಯ್ತು.

ನಿಮ್ಮ ಆ್ಯಪ್‌ಗಳು ಅಂಥವೇನಾ ಅಂತ ಮೊದ್ಲು ನೋಡಿ. ಸಾಲ ಕೊಡ್ತಿರೋ ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿ (ಬ್ಯಾಂಕ್ ಅಲ್ಲದ ಫೈನಾನ್ಸ್ ಕಂಪನಿ) ಹೆಸರು ಆ್ಯಪಲ್ಲಿ ಇರ್ಲೇಬೇಕು, ಕಾಂಟ್ಯಾಕ್ಟ್, ಫೋಟೋ, ಕಾಲ್ ಲಿಸ್ಟ್ ಇವೆಲ್ಲ ಅವರು ಮುಟ್ಟೋ ಹಾಗಿಲ್ಲ ಅಂತ ಆರ್‌ಬಿಐ 2022ರಲ್ಲೇ ಹೇಳಿದೆ. ಹೆಸರೇ ಇಲ್ಲ ಅಂದ್ರೆ ಸ್ಕ್ರೀನ್‌ಶಾಟ್ ಎಲ್ಲ ತೆಗೆದಿಟ್ಕೊಳಿ, ಫೋನ್ ಸೆಟ್ಟಿಂಗಲ್ಲಿ ಪರ್ಮಿಷನ್ ಎಲ್ಲ ಆಫ್ ಮಾಡಿ, ಬೆದರಿಕೆ ಬಂದ್ರೆ ಸೈಬರ್ ಕ್ರೈಮ್ ಹೆಲ್ಪ್‌ಲೈನ್ 1930ಕ್ಕೆ ಕಾಲ್ ಮಾಡಿ. ರಿಜಿಸ್ಟರ್ಡ್ ಕಂಪನಿ ಆಗಿದ್ರೆ ಅವರಿಗೇ ಕಂಪ್ಲೇಂಟ್ ಮೇಲ್ ಹಾಕಿ, 30 ದಿನದಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ ಇಂಥ ದೂರು ವಿಚಾರಿಸೋ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹೋಗಬಹುದು, ದುಡ್ಡು ಕೊಡಬೇಕಿಲ್ಲ, 14448 ನಂಬರ್. ನಾನು ಆರನ್ನೂ ತೀರಿಸೋಕೆ ಬೈಕ್ ಮಾರಿದೆ, ಈಗ ಬಿಎಂಟಿಸಿ ಪಾಸು.

— ಡೆಲಿವರಿ ಕೆಲಸ, ಬೆಂಗಳೂರು

*

ಎಲ್ಲ ಬರೆದಿದೀರ, ಸಾಲ ಯಾಕಾಯ್ತು ಅಂತ ಮಾತ್ರ ಎಲ್ಲೂ ಇಲ್ಲ. ಆಸ್ಪತ್ರೆಗಾ, ಮದುವೆಗಾ, ಟಿವಿ ಫ್ರಿಜ್ಜಿಗಾ? ಯಾವುದೋ ಒಂದು ಖರ್ಚು ಆಗಿ ಮುಗಿದಿದ್ರೆ ಸಾಲ ಹೇಗೋ ತೀರುತ್ತೆ. ತಿಂಗಳಾ ತಿಂಗಳಾ ಕಮ್ಮಿ ಬೀಳ್ತಿದ್ರೆ ಯಾರ ಸಲಹೆಯೂ ನಿಲ್ಲಲ್ಲ, ನನಗೆ ಹೀಗೇ ಆಗಿದ್ದು. ಒಂದು ತಿಂಗಳು ಹಾಲು, ಮೊಬೈಲ್ ಕರೆನ್ಸಿ ಎಲ್ಲ ಬರೆದಿಟ್ಟು ನೋಡಿ.

— ಓದುಗ, ಹಾಸನ

*

ಅಕ್ಕ ಚೀಟಿ ವಿಷ್ಯ ಯಾರೂ ಸರಿಯಾಗಿ ಹೇಳಲ್ಲ ಅಂತ ನಾನೇ ಬರೀತಿದೀನಿ, ನಮ್ ಬೀದೀಲಿ ಹದಿನೈದು ವರ್ಷದಿಂದ ಚೀಟಿ ಕಟ್ಟಿದೋಳು ಕಣಕ್ಕ ನಾನು. ಕೊನೇ ತನಕ ಕಾದ್ರೆ ಪೂರ್ತಿ 1 ಲಕ್ಷ ಬತ್ತದೆ ಅಂತ ತಾನೆ ನೀವು ಕಾಯ್ತಿರೋದು? ಇನ್ನು 8 ತಿಂಗಳು ಕಾದ್ರೆ ಆ ಕೈಸಾಲಕ್ಕೆ ತಿಂಗ್ಳಿಗೆ 4 ಸಾವಿರದಂಗೆ 32 ಸಾವಿರ ಬಡ್ಡಿ ಕಟ್ತೀರ. ಈ ಸಲಾನೇ ಕೂಗಿ ಎತ್ಕೊಳಿ, ಕೂಗಲ್ಲಿ ಬಿಟ್ಕೊಡೋ ಕಸರು 12–13 ಸಾವಿರ ಹೋಗ್ಬೋದು, ಹೋಗ್ಲಿ ಬುಡಿ. ಬಂದಿದ್ದು 87 ಸಾವಿರ ಅಂತ ಇಟ್ಕೊಳಿ, ತಗೊಂಡೋಗಿ ಅವ್ನ ಮುಖದ ಮೇಲೆ ಹಾಕಿ, ಉಳಿದ 13 ಸಾವಿರಕ್ಕೆ ಬಡ್ಡಿ 520 ರೂಪಾಯಿ ಆಯ್ತದೆ ಅಷ್ಟೇಯ. ಮಿಕ್ಕಿದ 8 ಕಂತು ಮಾತ್ರ ತಪ್ಪಿಸ್ಬೇಡಿ, ಎತ್ಕೊಂಡೋರು ಕಟ್ಟದೆ ಹೋದ್ರೆ ಚೀಟಿ ನಡೆಸೋಳ ಗತಿ ಏನು ಅಂತ ನಂಗ್ ಗೊತ್ತು.

— ಗೃಹಿಣಿ, ಮಂಡ್ಯ

*

ಮಗಳೇ ನನಗೆ 67 ವರ್ಷ, ನನ್ನ ಮಾತು ಕಠಿಣ ಅನ್ನಿಸಬಹುದು. ಒಡವೆ ಬಿಡಿಸಿ ಮಾರಿಬಿಡು. ಈಗಿನ ರೇಟಲ್ಲಿ 38 ಗ್ರಾಂ ಅಂದ್ರೆ 3 ಲಕ್ಷದ ಮೇಲೇ ಬರುತ್ತೆ, ಬ್ಯಾಂಕಿಂದು ಕಳೆದ್ರೂ ಕೈಗೆ ಉಳಿಯೋ ದುಡ್ಡಲ್ಲಿ ದೊಡ್ಡ ಸಾಲ ಒಂದಾದ್ರೂ ಪೂರ್ತಿ ಹೋಗುತ್ತೆ. ಅಡವು ಇಟ್ಟ ಮೇಲೆ ಅಡವು ಏರಿಸ್ತಾ ಹೋಗೋದು ನನಗೆ ಸರಿ ಕಾಣಲ್ಲ, ಬಡ್ಡಿ ಕಟ್ಟೋಕೆ ಮರೆತು ಹರಾಜಿಗೆ ಹೋದ ಒಡವೆ ನಮ್ಮ ನೆಂಟರಲ್ಲೇ ಎಷ್ಟು ನೋಡಿದೀನಿ. 1994ರಲ್ಲಿ ನಮ್ಮನೆಯವರ ಅಂಗಡಿ ಸಾಲಕ್ಕೆ ನನ್ನ ಅವಲಕ್ಕಿ ಸರ, ನಾಲ್ಕು ಬಳೆ ಮಾರಿದೆ. ನನ್ನ ತಂಗಿ ಮದುವೆಗೆ ರೋಲ್ಡ್ ಗೋಲ್ಡ್ ಹಾಕ್ಕೊಂಡು ಹೋಗಿದ್ದೆ, ಯಾರೂ ಕೇಳಲಿಲ್ಲ, ನಾನೇ ಸೆರಗಲ್ಲಿ ಮುಚ್ಚಿಕೊಂಡು ಓಡಾಡಿದ್ದು. ತಾಳಿ ಇಟ್ಕೊ, ಮಿಕ್ಕಿದ್ದಕ್ಕೆ ಅಳಬೇಡ. ನಿಮ್ಮ ಅತ್ತೆಗೆ ಏನು ಹೇಳೋದು ಅಂತ ಭಯ ಇದ್ರೆ, ಅವರನ್ನೇ ಅಂಗಡಿಗೆ ಕರ್ಕೊಂಡು ಹೋಗು. ಹಳೇ ಹೆಂಗಸರಿಗೆ ಸಾಲ ಅಂದ್ರೆ ಏನು ಅಂತ ನಿಮಗಿಂತ ಚೆನ್ನಾಗಿ ಗೊತ್ತಿರುತ್ತೆ.

— ಅಜ್ಜಿ, ಮೈಸೂರು

*

ಖಾಲಿ ಚೆಕ್ ವಿಷಯ ಯಾರಾದರೂ ಬರೆದಿದ್ದಾರಾ ಗೊತ್ತಿಲ್ಲ, ನನಗೆ ನಿಮ್ಮ ಪತ್ರದಲ್ಲಿ ಹೆಚ್ಚು ಹೆದರಿಕೆ ಆದದ್ದು ಅದೇ. ಕೈಸಾಲ ಕೊಟ್ಟವನು ಅದರಲ್ಲಿ 4 ಲಕ್ಷ ಅಂತ ಬರೆದು ಬ್ಯಾಂಕಿಗೆ ಹಾಕಿದರೆ, ಬೌನ್ಸ್ ಆದ ಮೇಲೆ ನಿಮಗೆ ನೋಟಿಸ್ ಬರ್ತದೆ, ನೋಟಿಸ್ ಕೈಗೆ ಸಿಕ್ಕಿ 15 ದಿನದಲ್ಲಿ ಹಣ ಕೊಡದಿದ್ದರೆ ಚೆಕ್ ಬೌನ್ಸಿನ ಸೆಕ್ಷನ್ 138ರ ಕೇಸ್ ಹಾಕಬಹುದು, 2 ವರ್ಷದವರೆಗೆ ಜೈಲು, ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ ಉಂಟು. ನೋಟಿಸ್ ಬಂದರೆ ಪೋಸ್ಟ್‌ಮ್ಯಾನ್‌ನನ್ನು ವಾಪಸ್ ಕಳಿಸುವುದು ಬೇಡ ಮಾರಾಯ್ರೆ, ಅದರಿಂದ ಏನೂ ತಪ್ಪುವುದಿಲ್ಲ, ಉತ್ತರ ಕೊಡಬೇಕು. ಇನ್ನು ಮುಂದೆ ಬಡ್ಡಿ ಕೂಡ ಕ್ಯಾಶ್ ಕೊಡಬೇಡಿ, ಅಕೌಂಟಿಗೇ ಹಾಕಿ. ಅಸಲು ತೀರಿಸುವ ದಿನ ಚೆಕ್ ವಾಪಸ್ ತಗೊಂಡು, ಬಾಕಿ ಇಲ್ಲ ಅಂತ ಬರೆಸಿಕೊಂಡೇ ಹಣ ಕೊಡಿ.

ಲೇವಾದೇವಿ ಮಾಡಲಿಕ್ಕೆ 1961ರ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು, ಅತಿ ಬಡ್ಡಿ ವಿರುದ್ಧ 2004ರ ಕಾನೂನು ಬೇರೆ ಉಂಟು. 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತಲ್ಲ, ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಂತ, ಅದನ್ನು ಕೇಳಿ ಸಂಘದ ಸಾಲ ಎಲ್ಲ ಮನ್ನಾ ಅಂತ ಸುಮಾರು ಜನ ತಿಳಿದಿದ್ದಾರೆ. ಹಾಗಿಲ್ಲ. ಆರ್‌ಬಿಐಯಲ್ಲಿ ನೋಂದಣಿ ಆದವರ ಸಾಲ ಕಟ್ಟಲೇಬೇಕು. ವಕೀಲರ ಫೀಸಿಗೆ ಹಣ ಇಲ್ಲ ಅಂತ ಸುಮ್ಮನೆ ಕೂರಬೇಡಿ, ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗ್ತದೆ, 15100ಕ್ಕೆ ಫೋನ್ ಮಾಡಿ ಅಥವಾ ನಿಮ್ಮ ಜಿಲ್ಲಾ ಕೋರ್ಟಿನ ಆಫೀಸಿಗೆ ಸೀದಾ ಹೋಗಿ.

— ವಕೀಲೆ, ಮಂಗಳೂರು

*

ನಾನು ನಿಮ್ಮ ಗಂಡನ ಜಾಗದಲ್ಲಿ ಇದ್ದವನು, ಅದಕ್ಕೆ ಬರೀತಿದೀನಿ. ನನ್ನದು ಸಣ್ಣ ಬೈಕ್ ಗ್ಯಾರೇಜು. ಎರಡು ವರ್ಷದ ಹಿಂದೆ ಒಬ್ಬ ಬಂದು ‘ನಿಮ್ಮ ಮಿಸ್ಸೆಸ್ಸು ಮೂರು ತಿಂಗಳಿಂದ ಬಡ್ಡಿ ಕೊಟ್ಟಿಲ್ಲ’ ಅಂದ, ನಾನು ಬೇರೆ ಯಾರನ್ನೋ ಕೇಳ್ತಿದಾನೆ ಅಂತ ಅಡ್ರೆಸ್ ತೋರಿಸೋಕೆ ಹೋದೆ. ಪಕ್ಕದ ಟೀ ಅಂಗಡಿಯವನಿಗೆ, ನನ್ನ ಕೈಕೆಳಗಿನ ಹುಡುಗನಿಗೆ, ಎಲ್ಲರಿಗೂ ಗೊತ್ತಿತ್ತು, ನನಗೊಬ್ಬನಿಗೆ ಗೊತ್ತಿರಲಿಲ್ಲ. ಸಾಲ 70 ಸಾವಿರ, ಅದೂ ನನ್ನ ಅಮ್ಮನ ಕಣ್ಣಿನ ಆಪರೇಷನ್‌ಗೆ ಮತ್ತೆ ಸ್ಕೂಲ್ ಫೀಸಿಗೆ ಮಾಡಿದ್ದು. ಅವತ್ತು ನಾನು ಮನೇಲಿ ಕೂಗಾಡಿದ್ದು ಸಾಲಕ್ಕಲ್ಲ. ಎರಡು ದಿನ ಊಟ ಬಿಟ್ಟೆ, ಅವಳೂ ಬಿಟ್ಟಳು, ಮಕ್ಕಳು ಬ್ರೆಡ್ ತಿಂದ್ರು.

ಯಾಕೆ ಹೇಳಲಿಲ್ಲ ಅಂತ ಕೇಳಿದ್ದಕ್ಕೆ ‘ನೀವು ಗ್ಯಾರೇಜಿಂದ ಬಂದಾಗ ಮುಖ ನೋಡಿದ್ರೆ ಹೇಳೋ ಹಾಗೇ ಇರ್ತಿರಲಿಲ್ಲ’ ಅಂದ್ಲು. ಅದು ನಿಜಾನೇ.

ಮೇಡಂ, ಕೈಸಾಲದವನು ನಿಮ್ಮ ಗಂಡನ ಹತ್ರ ಬರೋಕೆ ಮುಂಚೆ ನೀವೇ ಹೇಳಿಬಿಡಿ. ರಾತ್ರಿ ಊಟದ ಹೊತ್ತಲ್ಲಿ ಬೇಡ, ಭಾನುವಾರ ಮಧ್ಯಾಹ್ನ ಮಕ್ಕಳು ಆಟಕ್ಕೆ ಹೋದಾಗ. ಬಾಯಲ್ಲಿ ಹೇಳೋಕೆ ಆಗಲ್ಲ ಅಂದ್ರೆ ನೀವು ಇಲ್ಲಿಗೆ ಬರೆದ ಪತ್ರಾನೇ ಕೈಗೆ ಕೊಡಿ, ಅದರಲ್ಲಿ ಒಂದು ರೂಪಾಯಿನೂ ಬಿಡದೆ ಎಲ್ಲ ಬರೆದಿದೀರ. ಒಂದೇ ಸಲಕ್ಕೆ ಪೂರ್ತಿ ಹೇಳಿ, ಇವತ್ತು ಕೈಸಾಲ ಹೇಳಿ ಆ್ಯಪಿಂದು ಮುಂದಿನ ತಿಂಗಳು ಹೇಳಿದ್ರೆ ಮೊದಲನೇದಕ್ಕಿಂತ ಜಾಸ್ತಿ ಗಲಾಟೆ ಆಗುತ್ತೆ.

ನಮ್ಮನೇಲಿ ಈಗ ಬಾಗಿಲ ಹಿಂದಿನ ಕ್ಯಾಲೆಂಡರಲ್ಲಿ ಕಂತಿನ ತಾರೀಖೆಲ್ಲ ನಾನು ಬರೀತೀನಿ, ಕಟ್ಟಿದ ಮೇಲೆ ಅವಳು ಟಿಕ್ ಹಾಕ್ತಾಳೆ. ಇನ್ನು 14 ಕಂತು ಬಾಕಿ ಇದೆ.

— ಗ್ಯಾರೇಜಿನವನು, ದಾವಣಗೆರೆ