ಪೆರ್ಲದ ಗಡಿಮನೆಯನ್ನು ಮೊದಲು ಕಟ್ಟಿಸಿದವರು ಯಾರು?

ಪ್ರಶ್ನೆ:
ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪ, ಕರ್ನಾಟಕದ ಗಡಿಗೆ ತಾಗಿಕೊಂಡಿರುವ ನಮ್ಮ ಮನೆಯನ್ನು ಅಜ್ಜ 1958ರಲ್ಲಿ ಕ್ರಯಕ್ಕೆ ಪಡೆದರು. ಮನೆ ಕೇರಳದಲ್ಲಿದೆ, ಅಡಿಕೆ ತೋಟದ ಒಂದು ತುಂಡು ಬಂಟ್ವಾಳ ತಾಲೂಕಿಗೆ ಸೇರಿದೆ. ಗೋಡೆ ಮುರಕಲ್ಲಿನದು, ದಾರಂದಗಳು ಹಲಸಿನ ಮರದವು, ಮಾಡಿನ ಹಂಚುಗಳಲ್ಲಿ ಬಾಸೆಲ್ ಮಿಷನ್ನಿನ ಅಚ್ಚಿದೆ. ಒಬ್ಬ ಶಾನುಭೋಗರು ಕಟ್ಟಿಸಿದ ಮನೆಯೆಂದು ಊರವರು ಹೇಳುತ್ತಾರೆ, ಆದರೆ ಕ್ರಯಪತ್ರದಲ್ಲಿ ಮಾರಿದವರ ಹೆಸರಲ್ಲದೆ ಅವರಿಗಿಂತ ಹಿಂದಿನವರ ಪ್ರಸ್ತಾಪವಿಲ್ಲ. ಮೂಲದಲ್ಲಿ ಕಟ್ಟಿಸಿದವರನ್ನು ತಿಳಿಯಲು ಎಲ್ಲಿಂದ ತೊಡಗಬೇಕು?

ಉತ್ತರ 1:
ಮೊದಲು ಗಡಿಯನ್ನು ಮರೆತುಬಿಡಿ. 1956ರ ನವೆಂಬರ್ 1ರವರೆಗೆ ಎರಡೂ ಕಡೆ ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯೇ ಆಗಿತ್ತು. ಒಂದೇ ದಸ್ತಾವೇಜಿನ ಆಸ್ತಿಯು ಎರಡು ಉಪನೋಂದಣಿ ವ್ಯಾಪ್ತಿಗಳಲ್ಲಿ ಹರಡಿದ್ದರೆ ಯಾವುದಾದರೂ ಒಂದು ಕಚೇರಿಯಲ್ಲಿ ನೋಂದಾಯಿಸಲು 1908ರ ನೋಂದಣಿ ಕಾಯಿದೆ ಅವಕಾಶ ಕೊಡುತ್ತದೆ. ಆದ್ದರಿಂದ ಈಗ ಕೇರಳದಲ್ಲಿರುವ ಮನೆಯ ಹಳೆಯ ಪತ್ರ ಕರ್ನಾಟಕದ ಕಚೇರಿಯಲ್ಲಿರುವುದು ಅಸಂಭವವಲ್ಲ. ಸ್ಥಿರಾಸ್ತಿಯ ಪತ್ರಗಳ ನಕಲಿರುವ ಒಂದನೆಯ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು. ಹುಡುಕುವಾಗ ಹಳೆಯ ಸರ್ವೆ ನಂಬ್ರವನ್ನೇ ಹಿಡಿಯಿರಿ, ಮರುಸರ್ವೆಯ ನಂಬ್ರದಿಂದ ಏನೂ ಸಿಗದು.

ಉತ್ತರ 2:
ಹಂಚಿನ ಬಗ್ಗೆ ಒಂದು ಎಚ್ಚರಿಕೆ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಮೊದಲನೆಯ ಮಹಾಯುದ್ಧದ ನಂತರ ಅದು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿತು. ನಿಮ್ಮ ಹಂಚುಗಳು ಈ ನಡುವಿನವು ಎನ್ನಬಹುದು, ಆದರೆ ಅದು ಮಾಡಿನ ಪ್ರಾಯವೇ ಹೊರತು ಮನೆಯದಲ್ಲ. ಮುಳಿಹುಲ್ಲು ಹೊದೆಸಿದ್ದ ಎಷ್ಟೋ ಮನೆಗಳಿಗೆ ಮುಂದಿನ ತಲೆಮಾರಿನವರು ಹಂಚು ಹಾಕಿಸಿದ್ದಾರೆ. ಅಟ್ಟಕ್ಕೆ ಹತ್ತಿ, ಪಕ್ಕಾಸುಗಳಲ್ಲಿ, ಅಂದರೆ ಮಾಡಿನ ಇಳಿಜಾರು ಮರಗಳಲ್ಲಿ, ಈಗ ಉಪಯೋಗವಿಲ್ಲದ ಹಳೆಯ ತೂತುಗಳಿವೆಯೇ, ಗೋಡೆಯನ್ನು ಎತ್ತರಿಸಿದ ಗುರುತಿದೆಯೇ ಎಂದು ಟಾರ್ಚು ಹಿಡಿದು ನೋಡಿ.

ಉತ್ತರ 3:
ಮೇಲಿನ ಎರಡೂ ಸಲಹೆಗಳು ಸರಿ, ಆದರೆ ನಮ್ಮ ಕಡೆಯ ಹುಡುಕಾಟಗಳು ದಾರಿ ತಪ್ಪುವುದು ಬೇರೊಂದು ಕಡೆ. ಭೂಮಿಯ ವರ್ಗದಾರರೇ, ಅಂದರೆ ಸರಕಾರಕ್ಕೆ ತೀರ್ವೆ ಕಟ್ಟುವ ಒಡೆಯರೇ, ಮನೆ ಕಟ್ಟಿಸಿದವರೆಂದು ಭಾವಿಸುತ್ತೇವೆ. ಮೂಲಗೇಣಿ ಎಂದರೆ ಶಾಶ್ವತವಾದ, ವಂಶಪಾರಂಪರ್ಯವಾಗಿ ಸಾಗುವ ಗೇಣಿ ಹಕ್ಕು. ಇನ್ನೊಬ್ಬರ ವರ್ಗಸ್ಥಳದಲ್ಲಿ ತೋಟ ಎಬ್ಬಿಸಿ, ಬಾವಿ ತೋಡಿಸಿ, ಉಪ್ಪರಿಗೆಯ ಮನೆಯನ್ನೇ ಕಟ್ಟಿಸಿದ ಮೂಲಗೇಣಿದಾರರಿದ್ದರು. ನಿಮ್ಮ ಶಾನುಭೋಗರು ವರ್ಗದಾರರಾಗಿಯೂ ಇದ್ದಿರಬಹುದು, ಬರೇ ಲೆಕ್ಕ ಬರೆದವರಾಗಿಯೂ ಇದ್ದಿರಬಹುದು. ಎರಡನೆಯ ಮಾತು, ಮಾರಿದ ಕುಟುಂಬ ಅಳಿಯಸಂತಾನದ್ದಾಗಿದ್ದರೆ ತಂದೆ–ಮಗನ ಸಾಲಿನಲ್ಲಿ ಹುಡುಕಬೇಡಿ. ಯಜಮಾನಿಕೆ ಸೋದರಮಾವನಿಂದ ಸೋದರಳಿಯನಿಗೆ ಹೋಗಿರುತ್ತದೆ, ಪತ್ರದಲ್ಲಿ ‘ಇಂಥವರ ಅಳಿಯ’ ಎಂದೇ ಬರೆದಿರುತ್ತದೆ. ಕ್ರಯಪತ್ರದ ಕೊನೆಯ ಷೆಡ್ಯೂಲನ್ನು (ಆಸ್ತಿಯ ವಿವರಪಟ್ಟಿಯನ್ನು) ಇನ್ನೊಮ್ಮೆ ನಿಧಾನವಾಗಿ ಓದಿ.

ಪ್ರಶ್ನೆ ಕೇಳಿದವರು:
ಓದಿದೆ. ಅಳತೆಯ ವಿವರವೆಂದು ಇಷ್ಟು ವರ್ಷ ದಾಟಿಸಿಬಿಡುತ್ತಿದ್ದ ಸಾಲಿನಲ್ಲಿ ‘ಮೂಲಗೇಣಿ ಹಕ್ಕು, ಕಟ್ಟೋಣ, ಬಾವಿ, ಮರಮಟ್ಟು ಸಹಿತ’ ಎಂದಿದೆ. ಮಾರಿದವರ ಹೆಸರಿನ ಹಿಂದೆ ‘ಅಳಿಯ’ ಎಂದೂ ಇದೆ. ಆ ಮಾವನ ಹೆಸರನ್ನೂ ಹಳೆಯ ನಂಬ್ರವನ್ನೂ ಬರೆದುಕೊಂಡಿದ್ದೇನೆ. ಸೋಮವಾರ ಈಚೆಯ ಕಚೇರಿಗೆ ಹೋಗಿ, ಅಲ್ಲಿ ಸಿಗದಿದ್ದರೆ ಆಚೆಯದಕ್ಕೆ ಹೋಗುತ್ತೇನೆ.